ಮಾತಿಗೂ ವಯಸ್ಸುಂಟು

ಲಕ್ಕವಳ್ಳಿ ಎಂದೊಡನೆ ನೆನಪಾಗುವುದು ಭದ್ರಾ ಅಣೆಕಟ್ಟು. 1947ರಲ್ಲಿ ಅದರ ಕೆಲಸ ಆರಂಭವಾದ ಮೇಲೆ ಕಲ್ಲು ಒಡೆಯಲು, ಮಣ್ಣು ಹೊರಲು ಬಂದವರಲ್ಲಿ ತಮಿಳು, ತೆಲುಗು ಮನೆಮಾತಿನ ಕುಟುಂಬಗಳೂ ಇದ್ದವು. ಅವರಿಗಿಂತ ಬಹಳ ಮೊದಲೇ ತರೀಕೆರೆ, ಕಡೂರು ಸೀಮೆಯಲ್ಲಿ ತಾಂಡಾ ಕಟ್ಟಿಕೊಂಡಿದ್ದವರು ಲಂಬಾಣಿಗರು. ತರೀಕೆರೆಯ ಸಂತೆಯಲ್ಲಿ ಕಿವಿಗೊಟ್ಟು ನಿಂತರೆ ಕನ್ನಡದ ಜೊತೆಗೆ ಉರ್ದು, ತಮಿಳು, ಲಂಬಾಣಿ ಎಲ್ಲವೂ ಕೇಳಿಸುತ್ತವೆ. ಯಾವ ಮಾತನ್ನು ಎಷ್ಟು ಜನ ಆಡುತ್ತಾರೆ ಎಂದು ಕೇಳುವುದು ನಮ್ಮ ವಾಡಿಕೆ. ಎಷ್ಟು ವಯಸ್ಸಿನವರು ಆಡುತ್ತಾರೆ ಎಂದು ಕೇಳುವವರು ಕಡಿಮೆ. ಭಾಷೆಯ ಆರೋಗ್ಯ ತಿಳಿಯುವುದು ಮಾತ್ರ ಈ ಎರಡನೆಯ ಪ್ರಶ್ನೆಯಿಂದ.

ಯುನೆಸ್ಕೋದ ಭಾಷಾತಜ್ಞರು 2003ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು. ಮಕ್ಕಳಾದಿಯಾಗಿ ಎಲ್ಲ ವಯಸ್ಸಿನವರೂ ಆಡುವ ಭಾಷೆ ಕ್ಷೇಮ. ತಂದೆತಾಯಿಯರ ತಲೆಮಾರಿಗೆ ನಿಂತಿದ್ದರೆ ಅಪಾಯ. ಅಜ್ಜ ಅಜ್ಜಿಯರಲ್ಲಿ ಮಾತ್ರ ಉಳಿದಿದ್ದರೆ ಗಂಡಾಂತರ. ಈ ಅಳತೆಯಲ್ಲಿ ಲಕ್ಷಗಳ ಲೆಕ್ಕಕ್ಕಿಂತ ತೊಟ್ಟಿಲಿನ ಲೆಕ್ಕಕ್ಕೆ ಬೆಲೆ ಹೆಚ್ಚು.

ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್ ಎಂಬ ಊರಿನಲ್ಲಿ ಆರ್ಮೇನಿಯನ್ನರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಇರಾನ್, ಲೆಬನಾನ್, ಹಳೆಯ ಸೋವಿಯತ್ ನಾಡುಗಳಿಂದ ಬಂದವರು. ಅಲ್ಲಿನ ಸರಕಾರಿ ಸಮೀಕ್ಷೆ 5 ವರ್ಷ ದಾಟಿದ ಪ್ರತಿಯೊಬ್ಬರ ವಿಷಯದಲ್ಲೂ ‘ಇವರು ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಯಾವ ಭಾಷೆ ಆಡುತ್ತಾರೆ’ ಎಂದು ಕೇಳುತ್ತದೆ. ಉತ್ತರವನ್ನು 5ರಿಂದ 17, 18ರಿಂದ 64, 65ರ ಮೇಲೆ ಎಂದು ವಿಂಗಡಿಸುತ್ತದೆ. ಇಂತಹ ಪಟ್ಟಿಯನ್ನು ಓದುವಾಗ ಎಚ್ಚರ ಬೇಕು. ಮುದುಕರು ಹೆಚ್ಚು ಕಂಡರೆ ಭಾಷೆ ಸಾಯುತ್ತಿದೆ ಎಂದೇ ಅರ್ಥವಲ್ಲ. ಮಕ್ಕಳು ವಯಸ್ಸಾದ ಅಪ್ಪ ಅಮ್ಮನನ್ನು ಊರಿನಿಂದ ಕರೆಸಿಕೊಂಡಿರಬಹುದು. ವಲಸೆ ಬಂದವರ ವಯಸ್ಸಿನ ಪಟ್ಟಿ ಅರ್ಧ ಭಾಷೆಯ ಕಥೆ, ಇನ್ನರ್ಧ ಪ್ರಯಾಣದ ಕಥೆ. (ಆರ್ಮೇನಿಯನ್ ಭಾಷೆಗೆ ನಮ್ಮ ನಂಟೂ ಇದೆ. ಆ ಭಾಷೆಯ ಮೊದಲ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ! ಇಂದು ಆ ಪಟ್ಟಣದಲ್ಲಿ ಇಗರ್ಜಿ ಇದೆ, ಬೀದಿಗೆ ಆರ್ಮೇನಿಯನ್ ಹೆಸರಿದೆ. ಆ ಮಾತು ಬೀದಿಯಲ್ಲಿ ಕೇಳುವುದಿಲ್ಲ.)

ಅಣೆಕಟ್ಟಿನ ಕೆಲಸಕ್ಕೆ ಬಂದ ತಮಿಳರ ವಿಷಯಕ್ಕೂ ಈ ಎಚ್ಚರ ಹೊಂದುತ್ತದೆ. ಅವರು ಸುಮಾರಾಗಿ ಒಂದೇ ಕಾಲದಲ್ಲಿ, ದುಡಿಯುವ ಪ್ರಾಯದಲ್ಲಿ ಬಂದವರು. ಕೆಲಸ ಮುಗಿದ ಮೇಲೆ ಹೊಸಬರ ಹರಿವು ನಿಂತಿತು. ಆ ಮೊದಲ ತಲೆಮಾರು ಒಟ್ಟಿಗೆ ಹಣ್ಣಾಯಿತು. ಲಂಬಾಣಿಗರ ಸ್ಥಿತಿಯೇ ಬೇರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದವರು ರಸ್ತೆ, ರೈಲು ಬಂದು ಆ ವ್ಯಾಪಾರ ಮುರಿದ ಮೇಲೆ ನೆಲೆ ನಿಂತರು. ಅವರ ಮಾತಿಗೆ ಹೊರಗಿನಿಂದ ಹೊಸ ನೀರು ಬರುವುದಿಲ್ಲ. ಯಾಡಿ, ಅಂದರೆ ತಾಯಿ, ಮಗುವಿಗೆ ಏನು ಕಲಿಸುತ್ತಾಳೋ ಅಷ್ಟೇ ಬಂಡವಾಳ.

ಹಾಗಾದರೆ ಲಂಬಾಣಿಯ ವಯಸ್ಸೆಷ್ಟು? ಜನಗಣತಿಯಲ್ಲಿ ಅದು ಹಿಂದಿಯ ಗುಂಪಿನೊಳಗೆ ಸೇರಿದೆ. 2001ರಲ್ಲಿ ದೇಶದಾದ್ಯಂತ ಸುಮಾರು 27 ಲಕ್ಷ ಇದ್ದದ್ದು 2011ರಲ್ಲಿ 32 ಲಕ್ಷ ದಾಟಿತು. ನೋಡಿದರೆ ಸಮಾಧಾನವಾಗುತ್ತದೆ. ಆದರೆ ಗಣತಿಯ ಮಾತೃಭಾಷೆಯ ಕೋಷ್ಟಕದಲ್ಲಿ ಗಂಡು ಹೆಣ್ಣು, ಹಳ್ಳಿ ಪಟ್ಟಣ ಎಂಬ ಅಂಕಣಗಳಿವೆ, ವಯಸ್ಸಿನದಿಲ್ಲ. ಮಾತೃಭಾಷೆಯ ವ್ಯಾಖ್ಯೆ ಇನ್ನೂ ಸ್ವಾರಸ್ಯದ್ದು: ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ಇನ್ನೂ ಮಾತು ಬಾರದ ಕೂಸಿಗೆ ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನೇ ಬರೆಯಬೇಕು. ಅಂದರೆ ಗಣತಿ ಎಣಿಸುವುದು ಮಗುವಿನ ಬಾಯನ್ನಲ್ಲ, ತಾಯಿಯ ಬಾಯನ್ನು. ಮಗು ದೊಡ್ಡದಾಗಿ ಆ ಭಾಷೆಯನ್ನು ಬಿಟ್ಟುಬಿಟ್ಟರೂ ಅಂಕಿ ಕದಲುವುದಿಲ್ಲ. ಅಂಕಿ ಬೇರೆ ಬಗೆಯಲ್ಲೂ ಮೋಸ ಮಾಡೀತು: ಕೊಡವ ಭಾಷಿಕರು 2001ರಲ್ಲಿ 1,66,187, 2011ರಲ್ಲಿ 1,13,857. ಹತ್ತೇ ವರ್ಷದಲ್ಲಿ ಮೂರನೆಯ ಒಂದು ಪಾಲು ಕೊಡವರು ಮಾತು ಮರೆತರೆಂದು ನಂಬುವುದು ಕಷ್ಟ.

ತಾಂಡಾದೊಳಗೆ ಈಗಲೂ ಮಕ್ಕಳು ಆಡುವುದು ಗೋರ್‌ಬೋಲಿಯನ್ನೇ. ಕನ್ನಡ ಬರುವುದು ಶಾಲೆಯಿಂದ, ಸಂತೆಯಿಂದ. ಕೂಲಿಯ ಕಷ್ಟವೂ ಇಲ್ಲಿ ಭಾಷೆಗೆ ವಿಚಿತ್ರವಾಗಿ ನೆರವಾಗುತ್ತದೆ. ಕಾಫಿ ಕೊಯ್ಲಿಗೆಂದು ತಂದೆತಾಯಿ ತೋಟಗಳಿಗೆ ಹೋದಾಗ ಮಕ್ಕಳು ಅಜ್ಜಿಯ ಬಳಿ ಉಳಿದರೆ, ದಿನವಿಡೀ ಕಿವಿಗೆ ಬೀಳುವುದು ಅಜ್ಜಿಯ ಮಾತು. ಅದು ಮಕ್ಕಳ ಪಾಲಿಗೆ ಒಳ್ಳೆಯ ದಿನಗಳೆಂದು ಹೇಳುತ್ತಿಲ್ಲ. ಅದೇ ಕುಟುಂಬ ಶಿವಮೊಗ್ಗಕ್ಕೋ ಬೆಂಗಳೂರಿಗೋ ಮನೆ ಬದಲಿಸಿದಾಗ ಲೆಕ್ಕ ತಿರುಗುತ್ತದೆ. ಸುತ್ತಮುತ್ತ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಅಜ್ಜಿಯ ಮಾತು ತಿಳಿಯುತ್ತದೆ, ಉತ್ತರ ಕನ್ನಡದಲ್ಲಿ ಬರುತ್ತದೆ. ‘ಬಾಟಿ’ ಎಂದರೆ ರೊಟ್ಟಿ ಎಂದು ಗೊತ್ತು. ಮದುವೆಯಲ್ಲಿ ಹೆಣ್ಣು ಅತ್ತು ಹಾಡುವ ಢಾವ್ಲೋ ಹಾಡಲು ಬಾರದು. ಅರ್ಥವಾಗುವುದು ಮತ್ತು ಆಡುವುದು, ಈ ಎರಡರ ನಡುವಿನ ಅಂತರದಲ್ಲೇ ಒಂದು ತಲೆಮಾರು ಜಾರಿಹೋಗುತ್ತದೆ. ಗಣತಿಯ ಪುಸ್ತಕದಲ್ಲಾದರೋ ತಾಂಡಾದ ಮಗು, ಬೆಂಗಳೂರಿನ ಮಗು ಇಬ್ಬರೂ ಒಂದೇ.

ಮುಂದಿನ ಜನಗಣತಿ 2027ಕ್ಕೆ. ಅದರಲ್ಲಿ ಈ ಅಂತರ ಕಾಣಿಸೀತೆಂಬ ಭರವಸೆ ನನಗಿಲ್ಲ. ಆದರೆ ಊರಿನ ಶಾಲೆಯ ಮೇಷ್ಟರೊಬ್ಬರು ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ತಿಳಿಯಬಹುದು. ಮಗುವಿನ ವಯಸ್ಸು ಬರೆದು ಎರಡು ಪ್ರಶ್ನೆ ಕೇಳಿದರೆ ಸಾಕು: ಅಜ್ಜಿ ಕರೆದಾಗ ಯಾವ ಮಾತಿನಲ್ಲಿ ಓಗೊಡುತ್ತೀಯೆ? ತಮ್ಮ ತಂಗಿಯರ ಜೊತೆ ಯಾವ ಮಾತಿನಲ್ಲಿ ಜಗಳ ಆಡುತ್ತೀಯೆ? ಎರಡನೆಯ ಉತ್ತರದ ಕೆಳಗೆ ಗೆರೆ ಎಳೆದಿಡಬೇಕು.