ಒತ್ತಡ ಮತ್ತು ಸೋಡಿಯಂ ಅಯಾನಿನ ದಾರಿ

ಸೋಡಿಯಂ ಬ್ಯಾಟರಿ ಚಾರ್ಜ್ ಆಗುವಾಗ ಸೋಡಿಯಂ ಅಯಾನುಗಳು ಧನಾಗ್ರದ ವಸ್ತುವನ್ನು ಬಿಟ್ಟು ಋಣಾಗ್ರದ ವಸ್ತುವಿನೊಳಗೆ ಸೇರುತ್ತವೆ. ವಿದ್ಯುತ್ ಬಳಸುವಾಗ ಹಿಂದಿರುಗುತ್ತವೆ. ಹರಳಿನೊಳಗೆ ಅವು ಒಂದು ತಾಣದಿಂದ ಪಕ್ಕದ ಖಾಲಿ ತಾಣಕ್ಕೆ ಜಿಗಿಯುತ್ತಾ ಸಾಗುತ್ತವೆ. ಇದೇ ವಿಸರಣೆ. ನಡುವೆ ಆಮ್ಲಜನಕ ಇಲ್ಲವೆ ಗಂಧಕದ ಪರಮಾಣುಗಳು ಸುತ್ತುವರಿದ ಕಿಂಡಿಯನ್ನು ದಾಟಬೇಕು. ಲಿಥಿಯಂ ಅಯಾನಿನ ತ್ರಿಜ್ಯ ಸುಮಾರು 0.76 ಆಂಗ್‌ಸ್ಟ್ರಾಮ್, ಸೋಡಿಯಮ್ಮಿನದು 1.02. ಹಾಗಾಗಿ ಕಿಂಡಿಯ ಅಳತೆ ಸೋಡಿಯಮ್ಮಿಗೆ ಬಹಳ ಮುಖ್ಯ.

ಅಯಾನು ಕಿಂಡಿ ದಾಟುವ ಕ್ಷಣದಲ್ಲಿ ಸುತ್ತಲಿನ ಪರಮಾಣುಗಳು ತುಸು ಸರಿದು ಜಾಗ ಬಿಡುತ್ತವೆ. ಸಾಮಾನ್ಯವಾಗಿ ಆಗ ಹರಳು ಅಷ್ಟರಮಟ್ಟಿಗೆ ಹಿಗ್ಗುತ್ತದೆ. ಆ ಹಿಗ್ಗಿಗೆ ಸಕ್ರಿಯಣ ಗಾತ್ರ ಎಂದು ಹೆಸರು. ಹೊರಗಿನ ಒತ್ತಡ ಈ ಹಿಗ್ಗನ್ನು ತಡೆಯುತ್ತದೆ. ಸಕ್ರಿಯಣ ಗಾತ್ರ ಒಂದು ಮೋಲ್‌ಗೆ 2 ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ, 1 ಗಿಗಾಪಾಸ್ಕಲ್ ಒತ್ತಡದಲ್ಲಿ, ಅಂದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟಿನಲ್ಲಿ, ಜಿಗಿತಕ್ಕೆ ಒಂದು ಮೋಲ್‌ಗೆ 2 ಕಿಲೋಜೂಲ್ ಹೆಚ್ಚು ಶಕ್ತಿ ಬೇಕು. ಕೋಣೆಯ ಉಷ್ಣತೆಯಲ್ಲಿ ವಿಸರಣೆಯ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದೇ ಹರಳಿಗೆ 5 ಮೆಗಾಪಾಸ್ಕಲ್ ಒತ್ತಡ ಕೊಟ್ಟರೆ ವ್ಯತ್ಯಾಸ ಶೇಕಡ ಅರ್ಧದಷ್ಟೂ ಇಲ್ಲ.

ಹಾಗಿದ್ದೂ ಘನ ವಿದ್ಯುದ್ವಿಭಾಜ್ಯದ, ಅಂದರೆ ಅಗ್ರಗಳ ನಡುವೆ ಅಯಾನು ಸಾಗಿಸಲು ದ್ರವದ ಬದಲು ಘನ ವಸ್ತುವಿರುವ, ಬ್ಯಾಟರಿಯನ್ನು ಒತ್ತಿಯೇ ಕಟ್ಟುತ್ತಾರೆ. ಕಾರಣ ಹರಳಿನ ಒಳಗಿಲ್ಲ, ಕಣಗಳ ಸಂದಿನಲ್ಲಿದೆ. ಚನ್ನಗಿರಿಯ ಅಡಕೆ ಚೀಲವನ್ನು ಕುಲುಕಿ ಒತ್ತಿದಾಗ ಸಂದು ಕಡಿಮೆಯಾಗುವಂತೆ, ಪುಡಿಯನ್ನು ಒತ್ತಿದಾಗ ಕಣಕ್ಕೆ ಕಣ ಅಂಟಿ ಅಯಾನಿಗೆ ಎಡೆಬಿಡದ ದಾರಿ ಸಿಗುತ್ತದೆ. ಸೋಡಿಯಂ ಥಯೋಫಾಸ್ಫೇಟ್‌ನಂಥ ಮೆತ್ತನೆಯ ಸಲ್ಫೈಡ್‌ಗಳಿಗೆ ಕೋಣೆಯ ಉಷ್ಣತೆಯಲ್ಲಿ ಒತ್ತಿದರೇ ಸಾಕು. 1976ರಲ್ಲಿ ವಿಜ್ಞಾನಿಗಳಾದ ಹಾಂಗ್ ಮತ್ತು ಗುಡ್‌ಇನಫ್ ವಿವರಿಸಿದ ನಾಸಿಕಾನ್ ಎಂಬ ಗಡಸು ಹರಳುಗಳನ್ನು ಮಾತ್ರ ಸಾವಿರ ಡಿಗ್ರಿಗೂ ಮೀರಿ ಕಾಯಿಸಿ ಬೆಸೆಯಬೇಕಾಗುತ್ತದೆ. ಸೋಡಿಯಂ ಲೋಹವೇ ಋಣಾಗ್ರವಾದರೆ, ಅಯಾನುಗಳು ಹೊರಟ ಜಾಗದಲ್ಲಿ ಪೊಳ್ಳು ಉಳಿಯುತ್ತದೆ. ಮಿತವಾದ ಒತ್ತಡದಲ್ಲಿ ಮೆತ್ತನೆಯ ಲೋಹ ಹರಿದು ಅದನ್ನು ತುಂಬುತ್ತದೆ. ಒತ್ತಡ ಅತಿಯಾದರೆ ಲೋಹ ವಿದ್ಯುದ್ವಿಭಾಜ್ಯದ ಬಿರುಕುಗಳಿಗೆ ನುಗ್ಗಿ ಶಾರ್ಟ್ ಸರ್ಕಿಟ್ ಆಗುತ್ತದೆ.

ದಾರಿ ಸುಗಮಗೊಳಿಸಲು ಒತ್ತಡವೊಂದೇ ಉಪಾಯವಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ನಾಸಿಕಾನ್ ಮಾದರಿಯ ಋಣಾಗ್ರದ ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿ, ಇಂಗಾಲದಿಂದ ಸುತ್ತಿ, ಅಲ್ಯೂಮಿನಿಯಂ ಸೇರಿಸಿತು. ಕಣ ಕಿರಿದಾದಷ್ಟೂ ಅಯಾನು ಸಾಗುವ ದೂರ ಕಡಿಮೆ. 2025ರಲ್ಲಿ ಪ್ರಕಟವಾದ ವಿವರದಂತೆ ಈ ಋಣಾಗ್ರವಿರುವ ಬ್ಯಾಟರಿ ಆರು ನಿಮಿಷದಲ್ಲಿ ಶೇಕಡ 80ರಷ್ಟು ಚಾರ್ಜ್ ಆಗುತ್ತದೆ, 3000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ.