ಬಾಣಂತಿಗೆ ಬೇಕು ಇನ್ನೊಬ್ಬ ಬಾಣಂತಿಯ ಸಂಗ

ಹೆರಿಗೆಯಾದ ಮೇಲೆ ಮಗುವನ್ನು ನೋಡಲು ಎಷ್ಟು ಮಂದಿ ಬಂದು ಹೋದರು, ಒಮ್ಮೆ ಎಣಿಸಿ ನೋಡಿ. ಖಾಲಾ ಬಂದರು, ಫೂಫಿ ಬಂದರು, ಓಣಿಯ ಹಿರಿಯರು ಬಂದರು. ಮೂಗು ಯಾರ ಹಾಗಿದೆ, ಬಣ್ಣ ಯಾರದು ಎಂದು ಮಾತಾಡಿದರು. ಮಗುವಿನ ಮುಷ್ಟಿಯಲ್ಲಿ ನೋಟು ಇಟ್ಟು, ದುಆ ಮಾಡಿ, ಚಹಾ ಕುಡಿದು ಹೋದರು. ಈಗ ಇನ್ನೊಂದು ಲೆಕ್ಕ ಮಾಡಿ. ‘ರಾತ್ರಿ ನಿನಗೆ ನಿದ್ದೆ ಆಗುತ್ತಿದೆಯೇ?’ ಎಂದು ನಿಮ್ಮನ್ನು ಕೇಳಿದವರು ಎಷ್ಟು ಮಂದಿ?

ನಮ್ಮ ಮನೆಗಳಲ್ಲಿ ಬಾಣಂತಿಗೆ ಆರೈಕೆಯ ಕೊರತೆಯಿಲ್ಲ. ಅಂಟಿನ ಉಂಡಿ ಇರುತ್ತದೆ, ಅಳವಿ ಪಾಯಸ ಇರುತ್ತದೆ, ಎಣ್ಣೆ ನೀರು ಇರುತ್ತದೆ. ಇಲ್ಲದಿರುವುದು ಒಂದೇ: ಇದೇ ತಿಂಗಳು ಹೆತ್ತ, ಇದೇ ನಿದ್ದೆಗೆಟ್ಟ ರಾತ್ರಿಗಳನ್ನು ಕಳೆಯುತ್ತಿರುವ ಇನ್ನೊಬ್ಬ ತಾಯಿಯ ಸಂಗ. ಅದೂ ಆರೈಕೆಯ ಒಂದು ಭಾಗವೇ.

ಮನೆ ತುಂಬ ಜನ, ಆದರೂ ಒಂಟಿ

ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲಿರುವ ನಮ್ಮ ಕೆರೂರಿನಂಥ ಊರನ್ನೇ ತೆಗೆದುಕೊಳ್ಳಿ. ಮಗಳನ್ನು ಹುಬ್ಬಳ್ಳಿಗೋ, ಬಾಗಲಕೋಟೆಗೋ, ಬೆಂಗಳೂರಿಗೋ ಕೊಟ್ಟಿರುತ್ತಾರೆ. ಚೊಚ್ಚಲ ಹೆರಿಗೆಗೆ ಆಕೆ ತವರಿಗೆ ಬರುತ್ತಾಳೆ. ಇಲ್ಲಿ ಅಮ್ಮ ಇದ್ದಾರೆ, ಆದರೆ ಜೊತೆಗೆ ಶಾಲೆಗೆ ಹೋದ ಗೆಳತಿಯರೆಲ್ಲ ಮದುವೆಯಾಗಿ ಬೇರೆ ಊರು ಸೇರಿದ್ದಾರೆ. ಕೆಲಸದ ಜಾಗದ ಗೆಳತಿಯರು ಅಲ್ಲೇ ಉಳಿದರು. ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ತೊಟ್ಟಿಲ ಸಮೇತ ಗಂಡನ ಮನೆಗೆ ಹೋದರೆ ಅಲ್ಲಿಯೂ ಮಗುವಿರುವ ಪರಿಚಿತರಿಲ್ಲ. ಅಂದರೆ ತಾಯಿಯಾದ ಮೊದಲ ಆರು ತಿಂಗಳು ಆಕೆ ಎರಡು ಊರುಗಳ ನಡುವೆ ಇರುತ್ತಾಳೆ, ಎರಡೂ ಕಡೆ ತನ್ನ ವಾರಗೆಯವರಿಲ್ಲ.

ಹಿರಿಯರ ಅನುಭವ ದೊಡ್ಡದು. ಆದರೆ ಅಮ್ಮನಿಗೆ ಮೂವತ್ತು ವರ್ಷದ ಹಿಂದಿನ ರಾತ್ರಿಗಳು ಮರೆತಿವೆ. ‘ನಾವೂ ಹೆತ್ತಿದ್ದೇವೆ’ ಎಂದು ಅವರು ಧೈರ್ಯ ತುಂಬಲೆಂದೇ ಹೇಳುತ್ತಾರೆ, ಕೇಳಿದ ಮಗಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದೇ ಮಾತನ್ನು ಆರು ವಾರದ ಕೂಸಿನ ಇನ್ನೊಬ್ಬ ತಾಯಿಗೆ ಹೇಳಿದರೆ ಉತ್ತರ ಬೇರೆ ಬರುತ್ತದೆ: ‘ನಿನ್ನೆ ನಮ್ಮದೂ ಮೂರು ಗಂಟೆಯವರೆಗೆ ಅತ್ತಿತು.’ ಆ ಒಂದು ಮಾತಿಗೆ ಎದೆಯ ಭಾರ ಅರ್ಧ ಇಳಿಯುತ್ತದೆ.

ನಲವತ್ತು ದಿನದ ಲೆಕ್ಕ

‘ಚಿಲ್ಲಾ ಆಗುವವರೆಗೆ ಹೊರಗೆ ಹೋಗುವಂತಿಲ್ಲ, ಯಾರ ಜೊತೆಯೂ ಬೆರೆಯುವಂತಿಲ್ಲ’ ಎಂಬ ಮಾತು ಹಲವು ಮನೆಗಳಲ್ಲಿದೆ. ಇಲ್ಲಿ ಎರಡು ವಿಷಯಗಳು ಬೆರೆತುಹೋಗಿವೆ. ನಿಫಾಸ್ ಎಂಬುದು ಹೆರಿಗೆಯ ನಂತರದ ರಕ್ತಸ್ರಾವದ ಅವಧಿ. ಹನಫಿ ಮಝ್‌ಹಬ್‌ನಲ್ಲಿ ಅದರ ಗರಿಷ್ಠ ಮಿತಿ 40 ದಿನ, ಶಾಫಿಈ ಮಝ್‌ಹಬ್‌ನಲ್ಲಿ 60 ದಿನ. ಸ್ರಾವ ಮೊದಲೇ ನಿಂತರೆ ಗುಸ್ಲ್ ಮಾಡಿ ನಮಾಝ್ ಆರಂಭಿಸಬೇಕು. ಇದು ಇಬಾದತ್‌ಗೆ ಸಂಬಂಧಿಸಿದ ಲೆಕ್ಕ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಒಂಟಿಯಾಗಿ ಕೂರಿಸುವ ಪದ್ಧತಿ ಇದರಿಂದ ಬಂದದ್ದಲ್ಲ.

ಹೆರಿಗೆಯಾದ ಮೈಗೆ ವಿಶ್ರಾಂತಿ ಬೇಕು, ಕೂಸನ್ನು ಸೋಂಕಿನಿಂದ ದೂರ ಇಡಬೇಕು. ಅದಕ್ಕಾಗಿ ಮನೆಯಲ್ಲಿರುವುದು ಸರಿಯೇ. ಆದರೆ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಇಜ್ಜಲ ಕೆಂಡ ಇಡುವುದು ತಾಯಿ ಮತ್ತು ಮಗು ಇಬ್ಬರ ಉಸಿರಿಗೂ ಅಪಾಯ. ಆರೋಗ್ಯವಂತಳಾದ ಒಬ್ಬ ಗೆಳತಿ ಕೈ ತೊಳೆದುಕೊಂಡು ಬಂದು ಅರ್ಧ ಗಂಟೆ ಪಕ್ಕದಲ್ಲಿ ಕೂತರೆ ಯಾವ ತೊಂದರೆಯೂ ಇಲ್ಲ.

ಬೇಸರ ಯಾವುದು, ಕಾಯಿಲೆ ಯಾವುದು

ಹೆರಿಗೆಯ ಮೂರನೆಯ ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೆ ಸಿಟ್ಟು ಬರುವುದು ಬಹಳ ತಾಯಂದಿರಲ್ಲಿ ಕಾಣುತ್ತದೆ. ದೇಹದ ಹಾರ್ಮೋನುಗಳು ಒಮ್ಮೆಲೇ ಇಳಿಯುವುದು, ನಿದ್ದೆಗೇಡು, ಗಾಯದ ನೋವು ಎಲ್ಲವೂ ಸೇರಿ ಹೀಗಾಗುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ.

ಎರಡು ವಾರ ದಾಟಿದರೂ ಮನಸ್ಸು ಮಂಕಾಗಿಯೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಯೋಚನೆ ಬಿಡದೆ ಕಾಡಿದರೆ ಅದು ಖಿನ್ನತೆಯಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ಅಸ್ವಸ್ಥತೆ, ಅದರಲ್ಲೂ ಹೆಚ್ಚಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆ. ಇದು ಈಮಾನಿನ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ.

ತಾಯಿಗೆ ಇಲ್ಲದ ಧ್ವನಿ ಕೇಳಿಸಿದರೆ, ರಾತ್ರಿಯಿಡೀ ಎಚ್ಚರವಿದ್ದು ಅಸಂಬದ್ಧ ಮಾತಾಡಿದರೆ, ತನಗೋ ಮಗುವಿಗೋ ಹಾನಿ ಮಾಡುವ ಮಾತು ಬಂದರೆ ಅದು ತುರ್ತು ಸ್ಥಿತಿ. ‘ನಜರ್ ಆಗಿದೆ, ಗಾಳಿ ಸೋಕಿದೆ’ ಎಂದು ದಿನ ಕಳೆಯಬೇಡಿ. ದುಆ ಇರಲಿ, ಜೊತೆಗೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ತಾಯಿ-ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಯಿಯನ್ನು ಮಗುವಿನೊಂದಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೂಡಿ ಕೂತರೆ ಏನಾಗುತ್ತದೆ?

‘ಹೆಂಗಸರು ಕೂಡಿ ಕೂತರೆ ಹರಟೆ’ ಎನ್ನುವವರಿಗೆ ಇದನ್ನು ಹೇಳಿ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ‘ಏಕ್‌ಜುಟ್’ ಎಂಬ ಸಂಸ್ಥೆ 2005ರಿಂದ 2008ರವರೆಗೆ ಒಂದು ಕೆಲಸ ಮಾಡಿತು. ಪ್ರತಿ ತಿಂಗಳು ಹೆಂಗಸರನ್ನು ಒಂದೆಡೆ ಸೇರಿಸಿ, ಅದೇ ಊರ ಕಡೆಯ ಒಬ್ಬ ಮಹಿಳೆಯ ಮುಂದಾಳತ್ವದಲ್ಲಿ ಹೆರಿಗೆ, ಕೂಸಿನ ಆರೈಕೆಗಳ ಬಗ್ಗೆ ಚಿತ್ರ ಮತ್ತು ಕತೆಗಳ ಮೂಲಕ ಚರ್ಚೆ ನಡೆಸಿತು. ಸಮಸ್ಯೆಗಳನ್ನು ಹೆಂಗಸರೇ ಗುರುತಿಸಿ ಪರಿಹಾರವನ್ನೂ ತಾವೇ ಯೋಚಿಸಿದರು. ಸಭೆ ನಡೆದ ಕಡೆಗಳಲ್ಲಿ ನವಜಾತ ಶಿಶುಗಳ ಸಾವು, ನಡೆಯದ ಕಡೆಗಳಿಗಿಂತ ಶೇ. 32ರಷ್ಟು ಕಡಿಮೆಯಾಗಿತ್ತು. ಮೂರನೆಯ ವರ್ಷದಲ್ಲಿ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆಯೂ ಅರ್ಧಕ್ಕಿಂತ ಕಡಿಮೆಯಾಗಿತ್ತು. 2010ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು.

ಎಲ್ಲಿ ಸೇರುವುದು?

ಲಸಿಕೆಯ ದಿನ: ಮಗುವಿಗೆ 6, 10 ಮತ್ತು 14ನೆಯ ವಾರ ಲಸಿಕೆ ಇರುತ್ತದೆ. ಆರನೆಯ ವಾರವೆಂದರೆ 42 ದಿನ, ಚಿಲ್ಲಾ ಮುಗಿದ ಸಮಯಕ್ಕೇ ಸರಿಯಾಗಿ ಬರುತ್ತದೆ. ನಿಮ್ಮ ಮಗುವಿನ ವಾರಗೆಯ ಕೂಸುಗಳೆಲ್ಲ ಅದೇ ದಿನಗಳಲ್ಲಿ ಬರುವುದರಿಂದ ಎರಡು ತಿಂಗಳಲ್ಲಿ ಅದೇ ತಾಯಂದಿರನ್ನು ಮೂರು ಸಲ ನೋಡುತ್ತೀರಿ. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಅಲ್ಲೇ ಕೂರಿ ಎನ್ನುತ್ತಾರೆ. ಆ ಅರ್ಧ ಗಂಟೆ ಫೋನ್ ನೋಡುತ್ತ ಕಳೆಯಬೇಡಿ. ‘ನಿಮ್ಮದಕ್ಕೆ ಎಷ್ಟು ದಿನ?’ ಎಂದು ಪಕ್ಕದವರನ್ನು ಕೇಳಿ, ಮಾತು ತಾನಾಗಿ ಬೆಳೆಯುತ್ತದೆ. ತಾಯಿ ಕಾರ್ಡ್ ಜೊತೆಗಿದ್ದರೆ ಲಸಿಕೆಯನ್ನು ತವರಿನಲ್ಲೂ ಹಾಕಿಸಬಹುದು, ಗಂಡನ ಊರಿನಲ್ಲೂ ಹಾಕಿಸಬಹುದು.

ಅಂಗನವಾಡಿ: ಗರ್ಭಿಣಿಯರಿಗೂ ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ‘ಮಾತೃಪೂರ್ಣ’ ಯೋಜನೆ ನಮ್ಮ ರಾಜ್ಯದಾದ್ಯಂತ ಶುರುವಾದದ್ದು 2017ರ ಅಕ್ಟೋಬರ್ 2ರಂದು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಅದರಲ್ಲಿ ಸೇರಿದ್ದವು. ಪೌಷ್ಟಿಕ ಆಹಾರಕ್ಕಾಗಿ ಬಂದ ಯೋಜನೆ ಇದು, ಆದರೆ ಒಂದೇ ಓಣಿಯ ಬಸುರಿ-ಬಾಣಂತಿಯರನ್ನು ಒಂದು ಚಾಪೆಯ ಮೇಲೆ ಕೂರಿಸುವ ಕೆಲಸವನ್ನೂ ಮಾಡುತ್ತದೆ. ಊಟದ ವ್ಯವಸ್ಥೆ ಈಗ ಹೇಗಿದೆ ಎಂದು ನಿಮ್ಮ ಓಣಿಯ ಅಂಗನವಾಡಿ ಅಕ್ಕೋರನ್ನು ಕೇಳಿ, ಹೆಸರು ಬರೆಸಿ. ತವರಿನಲ್ಲಿದ್ದರೂ ಸಂಕೋಚ ಬೇಡ.

ಆಶಾ ಕಾರ್ಯಕರ್ತೆ: ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಅವರಿಗೆ ಇಡೀ ಓಣಿಯ ಬಾಣಂತಿಯರು ಗೊತ್ತು. ‘ಹತ್ತಿರದಲ್ಲಿ ಯಾರಿಗೆ ಇದೇ ತಿಂಗಳು ಹೆರಿಗೆಯಾಗಿದೆ? ಅವರು ಒಪ್ಪಿದರೆ ಭೇಟಿ ಮಾಡಿಸಿ’ ಎಂದು ಕೇಳಿ.

ಮನೆ: ಪರ್ದಾ ಪಾಲಿಸುವವರಿಗೆ ಎಲ್ಲಕ್ಕಿಂತ ಸುಲಭದ ದಾರಿ ಇದು. ಗಂಡಸರು ಕೆಲಸದಲ್ಲಿರುವ ಹೊತ್ತು, ಝುಹರ್ ಮತ್ತು ಅಸರ್ ನಡುವೆ, ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಮೂರು ನಾಲ್ಕು ತಾಯಂದಿರು ಸೇರಿ. ಸಂಕೋಚವಿಲ್ಲದೆ ಹಾಲೂಡಿಸಬಹುದು. ಬಿರುಬೇಸಿಗೆಯಲ್ಲಾದರೆ ಬೆಳಗಿನ ತಂಪು ಹೊತ್ತೇ ಒಳ್ಳೆಯದು. ತಿಂಡಿ ತಿನಿಸಿನ ಜಂಬ ಬೇಡ, ಚಹಾ ಸಾಕು. ಇಲ್ಲದಿದ್ದರೆ ಮುಂದಿನ ವಾರದ ಮನೆಯವರಿಗೆ ಅದೇ ಹೊರೆಯಾಗುತ್ತದೆ.

ಸೇರುವಾಗ ಇರಲಿ ಈ ಎಚ್ಚರ

* ಬಂದ ಕೂಡಲೇ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಲಿ. ಮಗುವಿನ ಬಟ್ಟೆ ಬದಲಿಸಿದ ಮೇಲೆ ಮತ್ತೊಮ್ಮೆ ತೊಳೆಯಲಿ.
* ನೆಗಡಿ, ಕೆಮ್ಮು, ಜ್ವರ, ಕಣ್ಣುಬೇನೆ, ಮೈಮೇಲೆ ಗುಳ್ಳೆ ಇದ್ದವರು ಆ ವಾರ ಬರುವುದು ಬೇಡ. ತಾಯಿಗೆ ನೆಗಡಿಯಿದ್ದರೂ ತನ್ನ ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಬಾರದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು.
* ಕೂಸುಗಳ ಮುಖಕ್ಕೆ, ಕೈಗೆ ಮುತ್ತಿಡಬೇಡಿ.
* ಒಂದು ಮಗುವಿನ ಟವೆಲ್, ಚಮಚ, ಆಟಿಕೆ ಇನ್ನೊಂದಕ್ಕೆ ಬೇಡ. ಹಾಸಲು ತಮ್ಮ ತಮ್ಮ ಬಟ್ಟೆ ತರಲಿ.
* ಅಳುತ್ತದೆಂದು ಇನ್ನೊಬ್ಬರ ಮಗುವಿಗೆ ಎದೆಹಾಲು ಕೊಡಬೇಡಿ. ಕೆಲವು ಸೋಂಕುಗಳು ಹಾಲಿನಿಂದ ದಾಟುತ್ತವೆ. ನಮ್ಮಲ್ಲಿ ಹಾಲಿನ ಸಂಬಂಧ (ರಝಾಅತ್) ಮುಂದೆ ಮದುವೆಯ ವಿಷಯದವರೆಗೂ ಬರುತ್ತದೆ ಎಂಬುದೂ ನೆನಪಿರಲಿ.

ಕೇಳಿದ್ದನ್ನೆಲ್ಲ ಮಾಡಬೇಡಿ

ಗೆಳತಿಯರ ನಡುವೆ ಸಮಾಧಾನ ಸಿಗುವಂತೆ ತಪ್ಪು ಸಲಹೆಯೂ ಸಿಗುತ್ತದೆ. ಮೂಗಿಗೆ ಕಿವಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಜೇನು, ಘುಟ್ಟಿ ಯಾವುದೂ ಬೇಡ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಔಷಧದ ಮಾತು ಬಂದರೆ ‘ಡಾಕ್ಟರನ್ನು ಕೇಳೋಣ’ ಎಂದು ನಿಲ್ಲಿಸಿ.

ಇನ್ನೊಂದು ಅಪಾಯ ಹೋಲಿಕೆ. ‘ನಮ್ಮದು ಐದು ಕಿಲೋ ಆಯಿತು, ನಿಮ್ಮದು ಇನ್ನೂ ಇಷ್ಟೇ?’ ಎಂಬ ಒಂದು ಮಾತಿಗೆ ತಾಯಿ ತನಗೆ ಹಾಲಿಲ್ಲವೆಂದು ತಿಳಿದು ಡಬ್ಬಿ ಹಾಲು ತರಿಸುತ್ತಾಳೆ. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಕೂಸುಗಳ ತೂಕವೂ ಸ್ವಲ್ಪ ಇಳಿಯುತ್ತದೆ, ಸುಮಾರು ಎರಡು ವಾರದಲ್ಲಿ ಮರಳಿ ಬರುತ್ತದೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಹೋಲಿಸುವುದಿದ್ದರೆ ನಿಮ್ಮ ಮಗುವಿನ ಈ ತಿಂಗಳ ತೂಕವನ್ನು ಅದರದೇ ಕಳೆದ ತಿಂಗಳ ತೂಕಕ್ಕೆ ಹೋಲಿಸಿ. ಹೆಣ್ಣೋ ಗಂಡೋ, ಸಹಜವೋ ಸಿಸೇರಿಯನ್ನೋ ಎಂದು ಅಳೆಯುವ ಮಾತು ಈ ಕೂಟದಲ್ಲಿ ಬೇಡವೇ ಬೇಡ.

ಅಪ್ಪಂದಿರಿಗೆ

ನೀವೂ ಹೊಸಬರೇ. ರಾಜ್ಯ ಸರಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ, ಅಂಗಡಿ ಅಥವಾ ಗ್ಯಾರೇಜಿನಲ್ಲಿ ದುಡಿಯುವವರಿಗೆ ಅದೂ ಇಲ್ಲ. ಆದರೂ ವಾರಕ್ಕೆ ಒಂದು ಗಂಟೆ ಎಲ್ಲರ ಕೈಯಲ್ಲೂ ಇದೆ. ಹೆಂಡತಿಯನ್ನು ಲಸಿಕೆಗೆ, ಗೆಳತಿಯ ಮನೆಗೆ ನೀವೇ ಕರೆದೊಯ್ಯಿರಿ. ಜಮಾಅತ್‌ನಲ್ಲಿ ಜೊತೆಗೆ ನಿಲ್ಲುವವರಲ್ಲೇ ಇತ್ತೀಚೆಗೆ ಅಪ್ಪನಾದವರು ಇರುತ್ತಾರೆ. ಮಸೀದಿಯಿಂದ ಹೊರಬರುವಾಗ ‘ನಿಮ್ಮ ಮನೆಯವರು ಹೇಗಿದ್ದಾರೆ? ನಮ್ಮ ಮನೆಗೆ ಒಮ್ಮೆ ಕಳಿಸಿ’ ಎನ್ನಿ. ಎಷ್ಟೋ ಸಲ ಇಬ್ಬರು ತಾಯಂದಿರ ಪರಿಚಯ ಹೀಗೇ ಶುರುವಾಗುತ್ತದೆ.

ರಜೆ ಚೀಟಿಯಿಲ್ಲದ ತಾಯಿ

2017ರ ತಿದ್ದುಪಡಿಯ ನಂತರ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ, ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಆದರೆ ಕೆರೂರ, ಗುಳೇದಗುಡ್ಡ, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ನೂಲು ಸುತ್ತುವ, ಸೀರೆ ನೇಯುವ ತಾಯಿಗೆ ರಜೆ ಕೊಡುವವರು ಯಾರು? ಚಿಲ್ಲಾ ಮುಗಿಯುವ ಮೊದಲೇ ಆಕೆ ಕೆಲಸಕ್ಕೆ ಕೂತಿರುತ್ತಾಳೆ. ಕೂಟಕ್ಕೆ ಬರಲು ಆಕೆಗೆ ಬಿಡುವಿಲ್ಲ. ರಜೆಯ ಮೇಲೆ ಊರಿಗೆ ಬಂದ ನಿಮಗೆ ಬಿಡುವಿದೆ. ಆಕೆಯನ್ನು ಕರೆಯುವ ಬದಲು ನೀವೇ ಆಕೆಯ ಮನೆಗೆ ಹೋಗಿ, ಮಗ್ಗದ ಪಕ್ಕದಲ್ಲೇ ಕೂತು ಮಾತಾಡಿ. ಆಕೆ ಒಂದು ಗಂಟೆ ಕಣ್ಣು ಮುಚ್ಚಲಿ, ಎರಡೂ ಕೂಸುಗಳನ್ನು ನೋಡಿಕೊಳ್ಳಿ.

ಅತ್ತೆಯಂದಿರೇ, ಅಮ್ಮಂದಿರೇ, ಮುಂದಿನ ಸಲ ಮಗು ನೋಡಲು ಹೋಗುವಾಗ ಅಂಟಿನ ಉಂಡಿಯ ಡಬ್ಬಿಯ ಜೊತೆ ನಿಮ್ಮ ಮನೆಯ ಬಾಣಂತಿಯನ್ನೂ ಕರೆದುಕೊಂಡು ಹೋಗಿ. ಚಹಾ ಆದ ಮೇಲೆ ಇಬ್ಬರು ತಾಯಂದಿರನ್ನು ಒಂದು ಕೋಣೆಯಲ್ಲಿ ಬಿಟ್ಟು ನೀವು ಹೊರಗೆ ಪಡಸಾಲೆಯಲ್ಲಿ ಕೂರಿ.