ಪ್ರವಾಸಕ್ಕೊಂದು ಹ್ಯಾಂಡಿಕ್ಯಾಮ್: ನಂಬಿಕೆ ಎಷ್ಟು, ನಿಜ ಎಷ್ಟು?

ದಸರೆಯ ರಜೆ ಬಂದಾಗ, ಜನವರಿಯಲ್ಲಿ ಗವಿಮಠದ ಅಜ್ಜನ ಜಾತ್ರೆ ಹತ್ತಿರವಾದಾಗ, ಕೊಪ್ಪಳ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಒಂದು ವಿಡಿಯೊ ಕ್ಯಾಮೆರಾ ತಗೊಂಡುಬಿಡೋಣ. ವಿಡಿಯೊ ತೆಗೆಯಲು ದೂರದ ಊಟಿಗೋ ಗೋವೆಗೋ ಹೋಗಬೇಕಿಲ್ಲ. ಗಂಗಾವತಿ ದಾಟಿದರೆ ಆನೆಗುಂದಿ, ಪಂಪಾ ಸರೋವರ, ಅಂಜನಾದ್ರಿ. ಯಲಬುರ್ಗಾ ಸೀಮೆಯಲ್ಲಿ ಕುಕನೂರಿನ ನವಲಿಂಗ, ಇಟಗಿಯ ಮಹಾದೇವ. ಕುಷ್ಟಗಿ ಕಡೆ ಕಬ್ಬರಗಿಯ ಕಪಿಲತೀರ್ಥ. ಹೊಳೆ ದಂಡೆಯಲ್ಲಿ ಹುಲಿಗೆಮ್ಮ. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಒಂದೇ ಟೆಂಪೊದಲ್ಲಿ ಹೊರಟು, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮನೆ ಸೇರಬಹುದಾದ ಜಾಗಗಳಿವು. ಈ ದಿನಗಳನ್ನು ಹಿಡಿದಿಡಬೇಕೆಂಬ ಆಸೆ ನ್ಯಾಯವಾದದ್ದು. ಆ ಆಸೆಗೆ ಕೂಡಿಟ್ಟ ದುಡ್ಡು ಡಬ್ಬಿಯ ಮೇಲಿನ ದೊಡ್ಡ ಅಂಕಿಗಳ ಪಾಲಾಗಬಾರದು ಎಂಬುದೊಂದೇ ನನ್ನ ಕಾಳಜಿ.

“4ಕೆ ಇರಲಿ, 48 ಮೆಗಾಪಿಕ್ಸೆಲ್ ಇರಲಿ”

“ಇದು ನಾಕ್ ಕೆ ಐತ್ರೀ ಅಣ್ಣಾರ, ನಲವತ್ತೆಂಟು ಮೆಗಾಪಿಕ್ಸೆಲ್!” ಅಂಗಡಿಯವರು ಹೀಗೆ ಹೇಳಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಫುಲ್ ಎಚ್‌ಡಿ ವಿಡಿಯೊದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ ಸುಮಾರು 20.7 ಲಕ್ಷ, ಅಂದರೆ ಎರಡು ಮೆಗಾಪಿಕ್ಸೆಲ್ ಮಾತ್ರ. ನಿಜವಾದ 4ಕೆಗೂ ಸುಮಾರು 83 ಲಕ್ಷ ಚುಕ್ಕಿ ಸಾಕು. ಡಬ್ಬಿಯ ಮೇಲಿನ 48 ಫೋಟೊದ ಲೆಕ್ಕ. ಅಗ್ಗದ ಕ್ಯಾಮೆರಾಗಳಲ್ಲಿ ಅದೂ ಸಾಮಾನ್ಯವಾಗಿ ಇರುವ ಚುಕ್ಕಿಗಳ ನಡುವೆ ಊಹೆಯ ಚುಕ್ಕಿ ತುಂಬಿ ಹಿಗ್ಗಿಸಿದ ಅಂಕಿ.

ಹೆಸರುವಾಸಿ ಕಂಪನಿಗಳಲ್ಲೂ ಈ ಅಂಕಿಯನ್ನು ನೋಡಿ ತಿಳಿಯಬೇಕು. ಮನೆಬಳಕೆಗೆ ಬಹಳ ಜನ ಕೊಂಡ ಸೋನಿ ಸಿಎಕ್ಸ್405 ಹ್ಯಾಂಡಿಕ್ಯಾಮ್‌ನಲ್ಲಿ ಫೋಟೊಗೆ 9.2 ಮೆಗಾಪಿಕ್ಸೆಲ್ ಎಂದಿರುತ್ತದೆ. ವಿಡಿಯೊಗೆ ಅದು ಬಳಸುವುದು 2.29. ಇದು ಕೊರತೆಯಲ್ಲ. ಫುಲ್ ಎಚ್‌ಡಿಗೆ ಅಷ್ಟೇ ಬೇಕು.

ಆನ್‌ಲೈನಿನಲ್ಲಿ ಹೆಸರು ಕೇಳದ ಕಂಪನಿಗಳ “4ಕೆ ಕ್ಯಾಮ್‌ಕಾರ್ಡರ್” ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಹ್ಯಾಂಡಿಕ್ಯಾಮ್ ಆಕಾರದ ಪ್ಲಾಸ್ಟಿಕ್ಕಿನೊಳಗೆ ಸರಿದಾಡದ ಒಂದು ಪುಟ್ಟ ಲೆನ್ಸ್ ಕೂರಿಸಿದಂಥವು. ಅದಕ್ಕಿಂತ ನಿಮ್ಮ ಜೇಬಿನ ಮೊಬೈಲೇ ಚೆನ್ನಾಗಿ ತೆಗೆಯುತ್ತದೆ. ಇನ್ನೊಂದು ಮಾತು: ಮನೆಯಲ್ಲಿರುವುದು 32 ಇಂಚಿನ ‘ಎಚ್‌ಡಿ ರೆಡಿ’ ಟಿವಿಯಾದರೆ ಅದರ ಪರದೆಯಲ್ಲಿ ಫುಲ್ ಎಚ್‌ಡಿಯ ಚುಕ್ಕಿಗಳೇ ಪೂರ್ತಿ ಕಾಣುವುದಿಲ್ಲ, 4ಕೆ ಮಾತು ದೂರ ಉಳಿಯಿತು.

“ಜೂಮ್ 3000 ಎಕ್ಸ್ ಅಂತ ಬರೆದೈತ್ರಿ”

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವ ಜಾಗ ಇದು. ಕ್ಯಾಮ್‌ಕಾರ್ಡರ್ ಕೊಳ್ಳಲು ಇರುವ ಅತಿ ಒಳ್ಳೆಯ ಕಾರಣವೂ ಇದೇ.

ಜೂಮ್‌ನಲ್ಲಿ ಎರಡು ಬಗೆ. ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸಿನೊಳಗಿನ ಗಾಜುಗಳು ಸರಿದು ದೂರದ್ದನ್ನು ಹತ್ತಿರಕ್ಕೆ ತರುತ್ತವೆ. ಚಿತ್ರದ ಸೂಕ್ಷ್ಮ ಹಾಗೇ ಉಳಿಯುತ್ತದೆ. ಡಿಜಿಟಲ್ ಜೂಮ್‌ನಲ್ಲಿ ಗಾಜು ಅಲುಗುವುದಿಲ್ಲ; ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತಾರೆ, ಅಷ್ಟೇ. ಆ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲೂ ಮಾಡಬಹುದು. ಪ್ಯಾನಾಸೋನಿಕ್ ಎಚ್‌ಸಿ-ವಿ180ರ ವಿವರದಲ್ಲಿ ಡಿಜಿಟಲ್ ಜೂಮ್ 3000 ಎಂದು ಕಂಡರೂ ಗಾಜಿನ ಜೂಮ್ 50. ಸೋನಿ ಸಿಎಕ್ಸ್405ರಲ್ಲಿ 350 ಎಂಬುದು ಡಿಜಿಟಲ್, 30 ಗಾಜಿನದು. ಈ 30 ಮತ್ತು 50 ಕಡಿಮೆಯೇನಲ್ಲ. ಮಧ್ಯಮ ಬೆಲೆಯ ಮೊಬೈಲ್‌ಗಳಲ್ಲಿ ಗಾಜಿನ ಜೂಮ್ ಇರುವುದೇ ಅಪರೂಪ, ಇದ್ದರೂ ಎರಡು ಮೂರು ಪಟ್ಟು.

ಅಂಜನಾದ್ರಿಗೆ 575 ಮೆಟ್ಟಿಲು. ಮೊಮ್ಮಕ್ಕಳು ಓಡಿ ಮೇಲೆ ಹೋಗಿರುತ್ತಾರೆ, ಮೊಣಕಾಲು ನೋವಿನ ಅಜ್ಜಿ ಕೆಳಗೆ ನೆರಳಿನಲ್ಲಿ ಕೂತಿರುತ್ತಾರೆ. ಆಕೆಯ ಪಕ್ಕ ನಿಂತು, ಮೆಟ್ಟಿಲ ತಿರುವಿನಲ್ಲಿ ಕೈಬೀಸುವ ಮಗುವಿನ ಮುಖ ಹಿಡಿಯಲು ಗಾಜಿನ ಜೂಮೇ ಬೇಕು. ಮೊಬೈಲಿನಲ್ಲಿ ಅದೇ ಮಗು ಬಣ್ಣದ ಒಂದು ಚುಕ್ಕಿಯಾಗಿರುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕ್ಯಾಮೆರಾ ಚಾಲೂ ಮಾಡಿಸಿ, ಒಬ್ಬರು ಜೂಮ್ ಒತ್ತಲಿ. ನೀವು ಮುಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಲೆನ್ಸಿನೊಳಗೆ ನೋಡಿ. ಗಾಜು ಹಿಂದೆ ಮುಂದೆ ಸರಿಯಬೇಕು. ಏನೂ ಸರಿಯದೆ ಪರದೆಯ ಮೇಲೆ ಮಾತ್ರ ಚಿತ್ರ ದೊಡ್ಡದಾದರೆ ಆ ಡಬ್ಬಿ ವಾಪಸ್ ಕೊಡಿ. ಕೊಂಡ ಮೇಲೆ ಮೆನುವಿನಲ್ಲಿ ಡಿಜಿಟಲ್ ಜೂಮ್ ಆಫ್ ಮಾಡಿ ಇಡಿ.

ಜೂಮ್ ಹೆಚ್ಚಿದಷ್ಟೂ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ನಡುಕ ತಡೆಯುವ ವ್ಯವಸ್ಥೆ ಲೆನ್ಸಿನ ಗಾಜಿನಲ್ಲೇ ಇದ್ದರೆ ಉತ್ತಮ. ಅದಿದ್ದರೂ 30 ಪಟ್ಟಿನಲ್ಲಿ ಬರಿಗೈ ನಿಲ್ಲುವುದಿಲ್ಲ. ಮೊಣಕೈಯನ್ನು ಮೆಟ್ಟಿಲ ಪಕ್ಕದ ಗೋಡೆಗೋ ಬಂಡೆಗೋ ಊರಿ, ಉಸಿರು ಬಿಗಿಹಿಡಿದು ತೆಗೆಯಿರಿ. ಜೂಮ್ ಮಾಡುತ್ತಲೇ ನಡೆಯುವುದನ್ನಂತೂ ಬಿಟ್ಟುಬಿಡಿ. ನೋಡುವವರಿಗೆ ತಲೆ ಸುತ್ತುತ್ತದೆ.

“ಎಷ್ಟಾದರೂ ಕ್ಯಾಮೆರಾ, ಮೊಬೈಲ್‌ಗಿಂತ ಮೇಲೇ”

ಹಗಲಿನಲ್ಲಿ, ದೂರದ ದೃಶ್ಯಕ್ಕೆ, ಹೌದು. ಕತ್ತಲು ಕವಿದ ಮೇಲೆ ಅಲ್ಲ. ಕಡಿಮೆ ಬೆಲೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, 1/5.8 ಇಂಚಿನ ವರ್ಗದ್ದು. ಅದರ ಮೂಲೆಯಿಂದ ಮೂಲೆಗೆ ಅಳತೆ ಮೂರು ಮಿಲಿಮೀಟರಿನಷ್ಟು. ಜೋಳದ ಕಾಳಿಗಿಂತ ದೊಡ್ಡದಲ್ಲ. ಈಗಿನ ಮಧ್ಯಮ ಬೆಲೆಯ ಮೊಬೈಲಿನ ಮುಖ್ಯ ಸೆನ್ಸರ್ ಅದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಹೆಚ್ಚು ಬೆಳಕು ಹಿಡಿಯುತ್ತದೆ. ಸೆನ್ಸರ್ ಸಣ್ಣದಿದ್ದುದರಿಂದಲೇ ಅಂಗೈಯಗಲದ ಕ್ಯಾಮೆರಾದಲ್ಲಿ 30, 50 ಪಟ್ಟು ಜೂಮ್ ಕೂರಿಸಲು ಆಯಿತು. ಒಂದು ಕೊಟ್ಟು ಒಂದು ಪಡೆದ ವ್ಯಾಪಾರವದು.

ಇಟಗಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿ. ಹೊರಗೋಡೆಯ ಕುಸುರಿಯನ್ನು ಬೆಳಗಿನ ಓರೆಬಿಸಿಲಲ್ಲಿ ಹ್ಯಾಂಡಿಕ್ಯಾಮ್ ಸೊಗಸಾಗಿ ಹಿಡಿಯುತ್ತದೆ. ಒಳಗೆ ಕಾಲಿಟ್ಟು ಮೇಲ್ಛಾವಣಿಯ ಕೆತ್ತನೆಗೆ ತಿರುಗಿಸಿ: ಕಪ್ಪು ಕಲ್ಲಿನ ಮೇಲೆಲ್ಲ ರವೆ ರವೆಯಾಗಿ ಕಾಳು ಕುಣಿಯತೊಡಗುತ್ತದೆ. ಅಲ್ಲಿ ಮೊಬೈಲ್ ತೆಗೆಯಿರಿ. ಗವಿಮಠದ ತೇರು ಎಳೆಯುವುದೂ ಸಂಜೆಯೇ. ಜನಸಾಗರದ ಆಚೆ ತೇರಿನ ಕಳಸ, ಹಾರುವ ಉತ್ತತ್ತಿ ಇವೆಲ್ಲ ಬೆಳಕಿರುವ ತನಕ ಹ್ಯಾಂಡಿಕ್ಯಾಮ್‌ನ ಪಾಲು. ದೀಪ ಹೊತ್ತಿದ ಮೇಲೆ ಮೊಬೈಲಿನ ಪಾಲು.

ಹಾಗಾದರೆ ಕೊಳ್ಳಲೇಬೇಕೆ? ಒಳ್ಳೆಯ ಮೊಬೈಲ್ ಇದ್ದು, ಮನೆಯವರನ್ನು ಹತ್ತಿರದಿಂದ ತೆಗೆಯುವುದಷ್ಟೇ ಕೆಲಸವಾದರೆ ಬೇಡ ಎಂದೇ ಹೇಳುತ್ತೇನೆ. ದೂರದ ತೇರು, ಶಾಲೆಯ ಗ್ಯಾದರಿಂಗ್, ಗಂಟೆಗಟ್ಟಲೆ ನಡೆಯುವ ಬಯಲಾಟ, ಇವುಗಳಿಗಾಗಿಯಾದರೆ ಕೊಳ್ಳಿ. ಎಡೆಬಿಡದೆ ಓಡಿಸುವುದಕ್ಕೆಂದೇ ಹ್ಯಾಂಡಿಕ್ಯಾಮ್ ಕಟ್ಟಿದ್ದಾರೆ. ನಡುವೆ ಫೋನ್ ಬಂದು ರೆಕಾರ್ಡಿಂಗ್ ನಿಲ್ಲುವ ಭಯವಿಲ್ಲ. ಪಟ್ಟಿಯೊಳಗೆ ಕೈ ತೂರಿಸಿ ಹಿಡಿಯುವುದರಿಂದ ವಯಸ್ಸಾದವರ ಕೈಯಿಂದಲೂ ಜಾರುವುದಿಲ್ಲ.

“ಚಿತ್ರ ಚೆನ್ನಾಗಿದ್ದರೆ ಸಾಕು, ದನಿ ಹೇಗೋ ಬರ್ತದ”

ಬರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಮನೆಯವರು ಟಿವಿ ಮುಂದೆ ಕೂತು ಹುಡುಕುವುದು ದನಿಯನ್ನೇ. ಅಜ್ಜ ಪಂಪಾ ಸರೋವರದ ಕಟ್ಟೆಯ ಮೇಲೆ ಕೂತು ವಾಲಿ ಸುಗ್ರೀವರ ಕತೆ ಹೇಳಿದ್ದು, ಅತ್ತಿಗೆ ನಾದಿನಿಯರು ಟೆಂಪೊದಲ್ಲಿ ಹಾಡಿದ್ದು, ತೊದಲು ಮಾತಿನ ಕೂಸು “ಹನಮಪ್ಪ” ಅಂದದ್ದು. ಚಿತ್ರ ಸ್ವಲ್ಪ ಮಸುಕಾದರೆ ಮನಸ್ಸು ಹೊಂದಿಕೊಳ್ಳುತ್ತದೆ. ಮಾತು ಕೇಳದಿದ್ದರೆ ಆ ವಿಡಿಯೊ ಯಾರೂ ಎರಡನೇ ಸಲ ಹಾಕುವುದಿಲ್ಲ.

ಸಾಣಾಪುರದ ಕೆರೆ ದಂಡೆ, ಹೊಳೆಯ ಮೇಲಿನ ಹರಿಗೋಲು, ಬೆಟ್ಟದ ತುದಿ, ಎಲ್ಲ ಕಡೆ ಗಾಳಿ. ಕ್ಯಾಮೆರಾದ ಸಣ್ಣ ಮೈಕ್ ತೂತಿಗೆ ಗಾಳಿ ಬಡಿದರೆ ಬರುವುದು ಬರೀ ಗುಡುಗುಡು. ಮೆನುವಿನಲ್ಲಿ ಗಾಳಿಯ ಸದ್ದು ತಗ್ಗಿಸುವ ಆಯ್ಕೆ ಇದ್ದರೆ ಹಾಕಿ. ಮೈಕ್ ತೂತಿನ ಮೇಲೆ ಅಂಟಿಸುವ ಕೂದಲಿನಂಥ ಸಣ್ಣ ತುಂಡುಗಳು ಸಿಗುತ್ತವೆ, ಅವು ಇನ್ನೂ ಮೇಲು. ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದಕ್ಕೆ ದುಡ್ಡೇ ಬೇಡ. ಜೂಮ್ ಮಾಡಿದರೆ ಚಿತ್ರ ಹತ್ತಿರ ಬರುತ್ತದೆಯೇ ಹೊರತು ದನಿ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಮಾತು ಬೇಕಾದಾಗ ಮಾತಾಡುವವರ ಎರಡು ಮಾರು ಒಳಗೆ ನಿಲ್ಲಿ.

ಹೊರಗಿನ ಮೈಕ್ ಸಿಕ್ಕಿಸುವ ತೂತು ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಮಾದರಿಗಳ ನಡುವೆ ಮನಸ್ಸು ತೂಗುತ್ತಿದ್ದರೆ, ಆ ತೂತಿರುವುದನ್ನೇ ಆರಿಸಿ. 4ಕೆಗೆ ಹೆಚ್ಚು ಕೊಡುವ ಸಾವಿರಗಳು ಇದಕ್ಕೆ ಹೋದರೆ ಸಾರ್ಥಕ. ತೂತಿಲ್ಲದಿದ್ದರೆ ಅಜ್ಜನ ಮೇಲಂಗಿ ಜೇಬಿನಲ್ಲಿ ಒಂದು ಮೊಬೈಲನ್ನು ದನಿ ರೆಕಾರ್ಡಿಂಗಿಗೆ ಹಚ್ಚಿ ಇಡಿ; ಆಮೇಲೆ ಎರಡನ್ನೂ ಜೋಡಿಸಬಹುದು. ಹಿರೇಬೆಣಕಲ್ಲಿನ ಶಿಲಾಗೋರಿಗಳ ಬೆಟ್ಟ ಹತ್ತುವವರಿದ್ದರೆ ಅಲ್ಲಿಯ ಮೌನವನ್ನೂ ಒಂದು ನಿಮಿಷ ಹಾಗೇ ರೆಕಾರ್ಡ್ ಮಾಡಿಕೊಳ್ಳಿ, ಯಾರೂ ಮಾತಾಡದೆ. ಬಂಡೆಗಳ ನಡುವಿನ ಗಾಳಿ, ಹಕ್ಕಿಯ ಕೂಗು ಆ ಜಾಗದ ಗುರುತು.

“ಅಮೆರಿಕದಿಂದ ತರಿಸಿದರೆ ಅಗ್ಗ, ಮೇಲಾಗಿ ಒರಿಜಿನಲ್”

ಮಗ ಸೊಸೆ ತರುತ್ತೇವೆಂದರೆ ಬೇಡ ಅನ್ನಲು ಬಾಯಿ ಬಾರದು. ಆದರೂ ಕೇಳಿ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿಗೆಂದು ಮಾಡಿದ ಹ್ಯಾಂಡಿಕ್ಯಾಮ್ ಸೆಕೆಂಡಿಗೆ 30 ಅಥವಾ 60 ಚಿತ್ರ ತೆಗೆಯುತ್ತದೆ. ಇಲ್ಲಿಯವು 25 ಅಥವಾ 50. ನಮ್ಮ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಮಾಲೆಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಕ್ಯಾಮೆರಾಕ್ಕೆ ಈ ಲೆಕ್ಕ ಕೂಡಿಬರದೆ ಜಾತ್ರೆಯ ದೀಪಗಳು ಬಡಬಡ ಬಡಿಯುತ್ತವೆ, ಚಿತ್ರದ ಮೇಲೆ ಪಟ್ಟೆ ಪಟ್ಟೆ ಹರಿದಾಡುತ್ತದೆ. ಬಿಸಿಲಿನಲ್ಲಿ ತೊಂದರೆಯಿಲ್ಲ. ಷಟರ್ ವೇಗವನ್ನು (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಲು ಬರುವ ಮಾದರಿಯಾದರೆ ಸರಿಹೋಗುತ್ತದೆ. ಅಗ್ಗದವುಗಳಲ್ಲಿ ಆ ಸೌಲಭ್ಯ ವಿರಳ. ತರಿಸುವ ಮುನ್ನ ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿ.

ಉಳಿದ ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ.

“ಕಾರ್ಡ್ ಯಾವುದಾದರೇನು?” ಸೆಕೆಂಡಿಗೆ 50 ಮೆಗಾಬಿಟ್ ಬರೆಯುವ ಫುಲ್ ಎಚ್‌ಡಿ ಒಂದು ಗಂಟೆಗೆ 22 ಜಿಬಿ ದಾಟುತ್ತದೆ. 32 ಜಿಬಿ ಕಾರ್ಡಿಗೆ ಎಂಬತ್ತು ನಿಮಿಷ. ಕಾರ್ಡಿನ ಮೇಲೆ ವೃತ್ತದೊಳಗೆ 10 ಇದ್ದರೆ ಇದಕ್ಕೆ ಸಾಕು. 4ಕೆಗೆ ವಿ30 ಗುರುತು ನೋಡಿ. ಬೀದಿಬದಿಯ ಅಗ್ಗದ ಕಾರ್ಡುಗಳಲ್ಲಿ 128 ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿಗಳಿವೆ. ಪ್ರವಾಸದ ಮುನ್ನವೇ ಕಾರ್ಡ್ ಪೂರ್ತಿ ತುಂಬಿಸಿ, ಕೊನೆಯ ವಿಡಿಯೊ ತೆರೆಯುತ್ತದೆಯೇ ನೋಡಿ.

“ಬ್ಯಾಟರಿ ಎರಡು ತಾಸು ಅಂತ ಬರೆದಾರ.” ಅದು ನಿಲ್ಲಿಸದೆ ಓಡಿಸಿದಾಗಿನ ಲೆಕ್ಕ. ಹಚ್ಚಿ ಆರಿಸಿ, ಜೂಮ್ ಮಾಡಿ ಬಳಸಿದರೆ ಹೆಚ್ಚುಕಡಿಮೆ ಅರ್ಧ. ಇನ್ನೊಂದು ಬ್ಯಾಟರಿಯ ಬೆಲೆಯನ್ನು ಕ್ಯಾಮೆರಾದ ಬೆಲೆಯೊಳಗೇ ಸೇರಿಸಿ ಬಜೆಟ್ ಹಾಕಿ. ಈ ಕ್ಯಾಮೆರಾಗಳು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಶಾಖಕ್ಕೆ ಮಾಡಿದವು. ನಮ್ಮ ಏಪ್ರಿಲ್, ಮೇ ಬಿಸಿಲು ಅದನ್ನು ದಾಟುತ್ತದೆ. ನಿಲ್ಲಿಸಿದ ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಒಗೆದ ಒದ್ದೆ ಟವೆಲ್ ಜತೆ ಒಂದೇ ಚೀಲದಲ್ಲೂ ಇಡಬೇಡಿ.

“ಹಳೇ ಕ್ಯಾಸೆಟ್ ಹ್ಯಾಂಡಿಕ್ಯಾಮ್ ಎರಡು ಸಾವಿರಕ್ಕೆ ಕೊಡ್ತೀನಂದಾರ.” ಮಿನಿ ಡಿವಿ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಎಂಬ ಕಿಂಡಿ ಬೇಕು, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ, ಒಂದು ತಾಸಿನ ಕ್ಯಾಸೆಟ್ ಇಳಿಯಲು ಒಂದು ತಾಸೇ ಬೇಕು. ಮನೆಯಲ್ಲಿ ಹಳೆಯ ಕ್ಯಾಸೆಟ್‌ಗಳಿದ್ದರೆ ಅವನ್ನು ಉಳಿಸಿಕೊಳ್ಳಲು ಕೊಳ್ಳಿ, ಹೊಸ ಪ್ರವಾಸಕ್ಕೆ ಬೇಡ. ಕಾರ್ಡ್ ಹಾಕುವ ಹಳೆಯ ಕ್ಯಾಮೆರಾ ಕೊಳ್ಳುವುದಾದರೆ ಟಾರ್ಚ್ ಬೆಳಕು ಬಿಟ್ಟು ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಇದ್ದರೆ ಅದು ಬೂಷ್ಟು.

“ದುಡ್ಡು ಕೊಟ್ಟು ತಂದ ಕ್ಯಾಮೆರಾ, ಎಲ್ಲಿ ಬೇಕಾದರೂ ತೆಗೆಯಬಹುದು” ಎಂಬುದೂ ಸರಿಯಲ್ಲ. ಗರ್ಭಗುಡಿಯ ಮುಂದೆ ಪೂಜಾರಪ್ಪನವರನ್ನು ಕೇಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹೂಡುವ ಮುನ್ನ ಕಾವಲಿನವರನ್ನು ಕೇಳಿ.

ಕಡೆಯದು, “ವಾಟ್ಸಾಪ್ ಗ್ರೂಪಿಗೆ ಹಾಕೀನಿ, ಎಲ್ಲಾರ ಹತ್ರಾನೂ ಐತಿ” ಎಂಬ ನೆಮ್ಮದಿ. ವಿಡಿಯೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗಿನ ಫೈಲ್ ಇದ್ದ ಹಾಗೇ ತಲುಪುತ್ತದೆ. ಕಾರ್ಡನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ. ಬಳಸದೆ ವರ್ಷಗಟ್ಟಲೆ ಬಿದ್ದ ಕಾರ್ಡಿನಲ್ಲಿ ಬರೆದದ್ದು ಅಳಿಯಬಹುದು. ಊರಿಗೆ ಮರಳಿದ ವಾರದೊಳಗೆ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನ ಅಣ್ಣನದೋ ಅಕ್ಕನದೋ ಮನೆಯಲ್ಲಿಡಿ. ಫೈಲಿಗೆ ತಾರೀಖು, ಊರು, ಯಾರ್ಯಾರಿದ್ದರು ಎಂದು ಹೆಸರು ಹಾಕುವ ಕೆಲಸವನ್ನು ಮನೆಯ ಹೈಸ್ಕೂಲು ಮಕ್ಕಳಿಗೆ ಒಪ್ಪಿಸಿ, ಅವರು ಬೇಗ ಮಾಡುತ್ತಾರೆ.